ಮೋಷನ್ ತಾತ

ಅಮೃತಹಳ್ಳಿಯ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ಮೋಷನ್ ತಾತ ಸಿಕ್ಕೇ ಸಿಗುತ್ತಾರೆ. ಮಗ, ಸೊಸೆ ಇಬ್ಬರೂ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ತಾತನಿಗೆ ತಿಂಗಳು ತಿಂಗಳು ಪೆನ್ಷನ್ ಬರುತ್ತದೆ. ಮೊಮ್ಮಗನಿಗೆ ಮೋಷನ್ ಬರುವುದಿಲ್ಲ. ಸರ್ವೀಸಿನುದ್ದಕ್ಕೂ ಕಡತ ವಿಲೇವಾರಿ ಮಾಡಿದ ಕೈ ಅದು. ಈಗ ಇತ್ಯರ್ಥವಾಗದೆ ಉಳಿದಿರುವುದು ಒಂದೇ ಕಡತ, ಅದಕ್ಕೆ ನಾಲ್ಕು ವರ್ಷ ವಯಸ್ಸು.

ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮುಂಚಿನ ಹೊತ್ತು ನೋಡಬೇಕು. ಒಳಗೆ ಕಮೋಡಿನ ಮೇಲೆ ಪುಟ್ಟ, ಕಾಲು ಗಾಳಿಯಲ್ಲಿ. ಬಾಗಿಲಾಚೆ ತಾತ, ಬಿಸಿನೀರಿನ ಲೋಟ ಹಿಡಿದ ಅಜ್ಜಿ, ಟೈ ಹಿಡಿದ ಸೊಸೆ, ಆಫೀಸ್ ಕಾಲನ್ನು ಮ್ಯೂಟ್ ಮಾಡಿದ ಮಗ. ‘ಬಂತೇನೋ ಪುಟ್ಟಾ?’ ‘ಇಲ್ಲಾ ತಾತಾ.’ ‘ಮುಕ್ಕೋ ಕಂದಾ!’ ಬಾಗಿಲಾಚೆ ನಾಲ್ಕೂ ಜನ ಉಸಿರು ಬಿಗಿಹಿಡಿದು ಮುಕ್ಕುತ್ತಾರೆ. ಮುಕ್ಕಬೇಕಾದವನು ಮಾತ್ರ ಟೈಲ್ಸ್ ಎಣಿಸುತ್ತಿರುತ್ತಾನೆ.

ಲಿಫ್ಟಿನಲ್ಲಿ ಸಿಕ್ಕವರಿಗೂ ವರದಿ ಉಂಟು: ‘ನಮ್ಮದು ಮೂರು ದಿನದಿಂದ ಪೆಂಡಿಂಗ್.’ ಹಾಲು ಕುಡಿದರೆ ಜಾರುತ್ತದೆಂದು ದಿನಕ್ಕೆ ದೊಡ್ಡ ಲೋಟದಲ್ಲಿ ಮೂರು ಸಲ ಹಾಲು. ಅದಕ್ಕೂ ಬಗ್ಗದಿದ್ದರೆ ಹರಳೆಣ್ಣೆ ಸವರಿದ ವೀಳ್ಯದೆಲೆ ತೊಟ್ಟಿನ ಬೆದರಿಕೆ. ತೊಟ್ಟು ಕಂಡ ಮಗು ಮುಂದಿನ ಬಾಗಿಲ ಜೊತೆ ಹಿಂದಿನದಕ್ಕೂ ಚಿಲಕ ಹಾಕಿಕೊಳ್ಳುತ್ತದೆ.

ಕೊನೆಗೆ ಮಕ್ಕಳ ಡಾಕ್ಟರು. ತಾತ ದಿನಾಂಕವಾರು ಪಟ್ಟಿ ಮುಂದಿಟ್ಟರೆ ಆ ಹುಡುಗಿ ಕೇಳಿದ್ದೇ ಬೇರೆ: ‘ಪರದೆ ಹಿಂದೆ ಹೋಗಿ ತುದಿಗಾಲಲ್ಲಿ ನಿಂತು ಕಾಲು ಹೆಣೆದುಕೊಳ್ತಾನಾ?’ ಹೌದು, ಪಾಪ, ಅಷ್ಟು ಮುಕ್ಕುತ್ತಾನೆ ಎಂದರು ಅಜ್ಜಿ. ‘ಮುಕ್ಕೋದಲ್ಲ ಅಮ್ಮಾ, ತಡೆದುಕೊಳ್ಳೋದು.’ ಒಂದು ಸಲ ಗಟ್ಟಿಯಾಗಿ ಹೋಗಿ ನೋವಾಗಿರುತ್ತದೆ. ಮುಂದಿನ ಸಲ ಹೆದರಿ ತಡೆಯುತ್ತಾನೆ. ತಡೆದಷ್ಟೂ ಕರುಳು ನೀರು ಹೀರಿಕೊಂಡು ಇನ್ನೂ ಗಟ್ಟಿ, ಇನ್ನೂ ನೋವು. ಚಡ್ಡಿಯಲ್ಲಿ ಕಾಣುವ ಕಲೆ ಭೇದಿಯಲ್ಲ, ಸಿಕ್ಕಿಕೊಂಡಿದ್ದರ ಪಕ್ಕದಿಂದ ಜಿನುಗುವುದು. ಬಹುಪಾಲು ಮಕ್ಕಳಲ್ಲಿ ಬೇರೆ ರೋಗವೇನೂ ಇರುವುದಿಲ್ಲ. ದಿನಾ ಆಗಲೇಬೇಕೆಂದೂ ಇಲ್ಲ, ವಾರಕ್ಕೆ ಮೂರು ಸಲ ನೋವಿಲ್ಲದೆ ಮೆತ್ತಗೆ ಹೋದರೂ ಸರಿಯೇ. ಜೀವಮಾನವಿಡೀ ಕಾಫಿ ಮುಗಿಯುತ್ತಲೇ ಎದ್ದು ಹೋದ ತಾತನಿಗೆ ಇದು ಸಂವಿಧಾನ ತಿದ್ದುಪಡಿಯಂತೆ ಕೇಳಿಸಿತು.

ಅವರ ಮುಖ ಅರಳಿದ್ದು ಗೋಡೆಯ ಪಟ ಕಂಡಾಗ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1997ರಲ್ಲಿ ಪ್ರಕಟಿಸಿದ್ದಂತೆ. ಮಲದಲ್ಲಿ ಏಳು ನಮೂನೆ: ನಮೂನೆ 1 ಆಡಿನ ಹಿಕ್ಕೆ, ನಮೂನೆ 4 ನುಣುಪಾದ ಹಾವು, ನಮೂನೆ 7 ಬರೀ ನೀರು. ಅಬ್ಬಾ, ಕೊನೆಗೂ ಒಂದು ಇಲಾಖೆ!

ಆದೇಶಗಳು ಜಾರಿಯಾದವು. ಹೊಟ್ಟೆ ತುಂಬಿದಾಗ ಕರುಳು ತಾನೇ ಚುರುಕಾಗುತ್ತದಾದ್ದರಿಂದ ಊಟವಾದ ಮೇಲೆ ಐದು ನಿಮಿಷ ಕೂರಿಸುವುದು. ಕಾಲ ಕೆಳಗೆ ಮಣೆ. ಹಾಲು ಕಡಿಮೆ, ನೀರು, ಹಣ್ಣು, ಸೊಪ್ಪು ಜಾಸ್ತಿ. ಮೆತ್ತಗಾಗಿಸುವ ಪುಡಿಯನ್ನು ಎರಡು ದಿನ ಚೆನ್ನಾಗಿ ಆಯಿತೆಂದು ನಿಲ್ಲಿಸದೆ, ಡಾಕ್ಟರು ಹೇಳುವವರೆಗೆ, ಬೇಕಾದರೆ ತಿಂಗಳುಗಟ್ಟಲೆ ಕೊಡುವುದು. ಕೂತಿದ್ದಕ್ಕೆ ಶಭಾಷ್ ಹೇಳಿ, ಬಂದಿದ್ದಕ್ಕಲ್ಲ. ಬಂತಾ ಅಂತ ಕೇಳಲೇಬೇಡಿ.

ತಾತ ಎಲ್ಲವನ್ನೂ ಅಕ್ಷರಶಃ ಪಾಲಿಸಿದರು, ಕೊನೆಯದೊಂದನ್ನು ಬಿಟ್ಟು. ಬಾಯಿ ಮುಚ್ಚಿದರೂ ಹುಬ್ಬು ಕೇಳುತ್ತಿತ್ತು. ಹುಬ್ಬಿಗೂ ಸೊಸೆ ತಡೆಯಾಜ್ಞೆ ತಂದ ಮೇಲೆ ಕೆಮ್ಮು ಶುರುವಾಯಿತು. ಹೇಳಲೇಬೇಕೆಂಬ ಒತ್ತಡ ಎಲ್ಲಾದರೂ ಹೊರಗೆ ಬರಬೇಕಲ್ಲ, ಏಳು ನಮೂನೆಯ ಕಲರ್ ಜೆರಾಕ್ಸ್‌ಗೆ ಲ್ಯಾಮಿನೇಷನ್ ಮಾಡಿಸಿ ಕೆಳಗಿನ ಗಣೇಶನ ಪೆಂಡಾಲಿನಲ್ಲೇ ಪಾಠ ಶುರು ಮಾಡಿದರು. ಪ್ರಸಾದದ ದೊನ್ನೆ ಹಿಡಿದ ಹೆಂಗಸರು ಮೂಗಿಗೆ ಸೆರಗು ಮುಚ್ಚಿಕೊಂಡು ಆಚೆ ಹೋದರು. ಹೋದವರಲ್ಲಿ ಇಬ್ಬರು ಸಂಜೆ ಸದ್ದಿಲ್ಲದೆ ಬಂದು ಪಟದ ಫೋಟೋ ತೆಗೆದುಕೊಂಡರೆನ್ನಿ. ಶುಗರ್, ಬಿಪಿ, ಮಂಡಿನೋವನ್ನು ಬಿರುದಿನಂತೆ ಹೇಳಿಕೊಳ್ಳುವ ನಮ್ಮ ಜನ ಮಗುವಿನ ಈ ಕಷ್ಟವನ್ನು ಮಾತ್ರ ಪಿಸುಗುಟ್ಟುತ್ತಾರೆ. ಅದನ್ನು ಗಟ್ಟಿಯಾಗಿ ಹೇಳುವ ಗಂಟಲು ಪೆಂಡಾಲಿಗೊಂದಾದರೂ ಇರಲಿ.

ಮನೆಯಲ್ಲಿ ಆ ಗಂಟಲನ್ನು ಸುಮ್ಮನಾಗಿಸಿದ್ದು ಪುಟ್ಟನೇ. ಒಂದು ಸಂಜೆ ತಿಂಡಿಯಾದ ಮೇಲೆ ಮಣೆಯ ಮೇಲೆ ಕಾಲಿಟ್ಟು ಕೂತು ಒಳಗಿಂದ ಕೂಗಿದ: ‘ತಾತಾ, ನೀನು ವಾಕಿಂಗ್ ಹೋಗು. ನೀನಿದ್ರೆ ಅದು ಬರಲ್ಲ.’

ತಾತ ಪೆಚ್ಚಾಗಿ ಚಪ್ಪಲಿ ಮೆಟ್ಟಿ ಕೆರೆಯ ಕಡೆ ನಡೆದರು. ಎರಡನೇ ಸುತ್ತಿನಲ್ಲಿ ಸೊಸೆಯ ಫೋನು: ‘ಮಾವ, ನಮೂನೆ ನಾಲ್ಕು.’ ತಾತ ಅಲ್ಲೇ ನಿಂತು, ‘ಆಯ್ತಂತೆ! ಸುಸೂತ್ರವಾಗಿ ಆಯ್ತಂತೆ! ನೋವೇ ಇಲ್ವಂತೆ!’ ಎಂದು ಕೂಗಿದರು. ವಾಕಿಂಗಿಗೆ ಬಂದಿದ್ದ ಅಪರಿಚಿತರೊಬ್ಬರು ಓಡಿಬಂದು ಕೈ ಕುಲುಕಿ ಕೇಳಿದರು: ‘ಬಹಳ ಸಂತೋಷ ಸಾರ್. ಗಂಡೋ, ಹೆಣ್ಣೋ?’