ಅಡಿಕೆಗೆ ಹೋದ ಮಾನ: ಕಳ್ಳರೊಬ್ಬರಿಗೆ ಬಹಿರಂಗ ಪತ್ರ

ಕೋಟ್ಟಯಂನ ಮಾನ್ಯ ಶ್ರೀ ಅಡಕ್ಕ ರಾಜು ಅವರಿಗೆ,

ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎನ್ನುವ ಧೈರ್ಯ ಮಾತ್ರ ನನಗಿಲ್ಲ. ನೀವು ಹೇಳಿದ್ದನ್ನು ವರ್ಷಗಟ್ಟಲೆ ಕಂಡಕಂಡವರೆಲ್ಲ ಬರೆದುಕೊಂಡಿದ್ದಾರೆ. ಕೆಲವರು ನೀವು ಹೇಳದೇ ಇದ್ದದ್ದನ್ನೂ ಬರೆಸಿಕೊಳ್ಳಲು ನೋಡಿದ್ದಾರೆ. ಹಾಗಾಗಿ ಈ ಸಲ ನಾನೇ ಬರೆಯುತ್ತೇನೆ, ಯಾರಾದರೂ ಓದಿ ಹೇಳಿದರೆ ನೀವು ಕೇಳಿಸಿಕೊಂಡರೆ ಸಾಕು. ನಿಮ್ಮೂರಲ್ಲಾದರೆ ಚೇಟ್ಟಾ ಎನ್ನಬೇಕು, ನಮ್ಮಲ್ಲಿ ಅಣ್ಣ. ರಾಜಣ್ಣ ಎಂದರೆ ಬೇಜಾರಿಲ್ಲವಷ್ಟೆ?

ನಾನು ಅಡಿಕೆ ಸೀಮೆಯವನು. ನಿಮ್ಮ ಅಡಕ್ಕ ನಮ್ಮ ಅಡಿಕೆಯೇ. ಚಳಿಗಾಲದಲ್ಲಿ ಅಂಗಳದ ತುಂಬ ಚಾಲಿ ಒಣಗುತ್ತಿದ್ದಾಗ ಅಜ್ಜ ಒಳಗಿನ ಬೆಚ್ಚಗಿನ ಕೋಣೆ ಬಿಟ್ಟು ಜಗಲಿಯಲ್ಲಿ ಮಲಗುತ್ತಿದ್ದದ್ದು ನಿಮ್ಮಂಥವರ ಭಯಕ್ಕೇ. ದಿಂಬಿನ ಪಕ್ಕ ಟಾರ್ಚು, ದೊಣ್ಣೆ, ಎಲೆಯಡಿಕೆ ಸಂಚಿ. ಬೆಳಿಗ್ಗೆ ಎದ್ದು ಸಂಚಿ ಬಿಚ್ಚುತ್ತ ಆತ ಹೇಳುತ್ತಿದ್ದ ಗಾದೆ ಒಂದೇ: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಿಮ್ಮ ವಿಷಯ ಗೊತ್ತಿದ್ದಿದ್ದರೆ ಅಜ್ಜ ಈ ಗಾದೆಗೆ ಒಂದು ತಿದ್ದುಪಡಿ ಹಾಕುತ್ತಿದ್ದನೋ ಏನೋ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ನೀವು ನಮ್ಮ ಕಥೆಯನ್ನೇ ಕೆಡಿಸಿದಿರಿ, ರಾಜಣ್ಣ.

ನಮ್ಮದು ಪತ್ತೇದಾರಿ ಕಾದಂಬರಿ ಓದಿ ಬೆಳೆದ ತಲೆಮಾರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಲೈಬ್ರರಿಯ ಮುಂದೆ ಪಾಳಿ ಹಚ್ಚಿದವರು. ಆಮೇಲೆ ಸಿನಿಮಾದವರು ಪತ್ತೇದಾರನ ಪಕ್ಕ ಒಬ್ಬ ಪತ್ರಕರ್ತನನ್ನು ಜೋಡಿಸಿದರು, ಹೆಗಲಿಗೆ ಜೋಳಿಗೆ, ಕೊರಳಿಗೆ ಕ್ಯಾಮೆರಾ. ಕೊಲೆ ಮಾಡಿ ಆತ್ಮಹತ್ಯೆಯಂತೆ ಜೋಡಿಸಿಟ್ಟಿರುತ್ತಾರೆ, ಪೊಲೀಸರು ಷರಾ ಬರೆದು ಕಡತ ಮುಚ್ಚಿರುತ್ತಾರೆ. ಈ ಇಬ್ಬರು ಬಂದು ನೆಲದ ಮೇಲೆ ಬಿದ್ದ ಒಂದು ಗುಂಡಿಯನ್ನೋ ಕೂದಲೆಳೆಯನ್ನೋ ಹಿಡಿದು ಕೊಲೆಗಾರನನ್ನು ಕೊನೆಯ ರೀಲಿಗೆ ಎಳೆತಂದು ನಿಲ್ಲಿಸುತ್ತಾರೆ. ಇಂಥ ಕಥೆಯಲ್ಲಿ ಕಳ್ಳನಿಗೆ ಇರುವುದು ಮೂರನೇ ಅಧ್ಯಾಯದಲ್ಲಿ ಒಂದು ಸಣ್ಣ ಪಾತ್ರ. ಬರಬೇಕು, ನಾಲ್ಕು ಏಟು ತಿನ್ನಬೇಕು, ಹೋಗಬೇಕು. ನೀವು ಬಂದಿರಿ, ಏಟೂ ತಿಂದಿರಿ. ಹೋಗಲಿಲ್ಲ.

1992ರ ಮಾರ್ಚ್ 27. ಕೋಟ್ಟಯಂನ ಪಯಸ್ ಟೆಂತ್ ಕಾನ್ವೆಂಟ್. ಬೆಳಗಿನ ಜಾವ ಪರೀಕ್ಷೆಗೆ ಓದಲೆಂದು ಎದ್ದ ಸಿಸ್ಟರ್ ಅಭಯಾ, ಪ್ರಿ-ಡಿಗ್ರಿ ವಿದ್ಯಾರ್ಥಿನಿ, ಹುಟ್ಟುಹೆಸರು ಬೀನಾ, ನಿದ್ದೆ ಬಿಡಿಸಿಕೊಳ್ಳಲು ತಣ್ಣೀರು ಹುಡುಕಿಕೊಂಡು ಅಡುಗೆಮನೆಗೆ ಹೋದಳು. ಬೆಳಕು ಹರಿದ ಮೇಲೆ ಹೆಣ ಕಾನ್ವೆಂಟಿನ ಬಾವಿಯಲ್ಲಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿತ್ತು. ನೀರಿನ ಬಾಟಲಿ ಕೆಳಗೆ ಬಿದ್ದು ನೀರು ಸೋರಿತ್ತು. ಅವಳ ಒಂದು ಚಪ್ಪಲಿ ಅಲ್ಲೇ ಉಳಿದಿತ್ತು. ತಲೆವಸ್ತ್ರ ಬಾಗಿಲಿಗೆ ಸಿಕ್ಕಿಕೊಂಡಿತ್ತು. ತಲೆಯ ಮೇಲೆ ಗಾಯವಿತ್ತು.

ಪುರುಷೋತ್ತಮನಿಗೆ ಇದರಲ್ಲಿ ಅರ್ಧ ಸಾಕಿತ್ತು. ಕೋಟ್ಟಯಂ ಅಂದರೆ ಸಾಮಾನ್ಯ ಊರೂ ಅಲ್ಲ. ಮಲಯಾಳ ಮನೋರಮಾ ಹುಟ್ಟಿದ ಊರು. 1989ರಲ್ಲೇ ದೇಶದ ಮೊದಲ ಪೂರ್ಣ ಸಾಕ್ಷರ ಪಟ್ಟಣ ಎನಿಸಿಕೊಂಡ ಅಕ್ಷರನಗರಿ. ಅಂಥ ಊರಿನಲ್ಲಿ ಒಂದು ಒಂಟಿ ಚಪ್ಪಲಿಯನ್ನು ಓದಲು ಬರುವವರು ಸಿಗಲಿಲ್ಲ. ಸ್ಥಳೀಯ ಪೊಲೀಸರು ಹದಿನೇಳು ದಿನ ನೋಡಿದರು, ಕ್ರೈಂ ಬ್ರಾಂಚಿನವರು ಒಂಬತ್ತು ತಿಂಗಳು ನೋಡಿದರು. 1993ರ ಜನವರಿಯಲ್ಲಿ ಷರಾ ಬಿತ್ತು: ಆತ್ಮಹತ್ಯೆ. ಅಂದರೆ ಓದಲೆಂದು ಎದ್ದ ಹುಡುಗಿ ಫ್ರಿಜ್ಜು ತೆರೆದು, ಬಾಟಲಿ ಎತ್ತಿ, ಇದ್ದಕ್ಕಿದ್ದಂತೆ ಬದುಕು ಬೇಡವೆನಿಸಿ, ಬಾಟಲಿ ಬಿಸಾಕಿ, ಒಂದು ಚಪ್ಪಲಿ ಕಳಚಿ, ತಲೆವಸ್ತ್ರವನ್ನು ಬಾಗಿಲಿಗೆ ಸಿಕ್ಕಿಸಿ ಬಾವಿಗೆ ನಡೆದಳು. ಇಷ್ಟು ಕಲ್ಪನಾಶಕ್ತಿ ನಮ್ಮ ಕಾದಂಬರಿಕಾರರಿಗಿದ್ದಿದ್ದರೆ ಕನ್ನಡಕ್ಕೆ ಇನ್ನೆರಡು ಜ್ಞಾನಪೀಠ ಗ್ಯಾರಂಟಿ.

ಷರಾ ಬರೆದ ಪೊಲೀಸರನ್ನು ಆಡಿಕೊಳ್ಳುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ, ರಾಜಣ್ಣ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಟ್ರೇನಿಯಾಗಿದ್ದಾಗ ಜಿಲ್ಲಾ ಪುಟಕ್ಕೆ ನಾನೂ ಇಂಥ ಸಾವುಗಳನ್ನು ಬರೆದಿದ್ದೇನೆ. ಠಾಣೆಗೆ ಫೋನು ಮಾಡಿದರೆ ರೈಟರು ಹೆಸರು, ವಯಸ್ಸು, ಊರು ಹೇಳುತ್ತಿದ್ದರು. ಕಾರಣ ಕೇಳಿದರೆ "ಅದೇ ಸಾರ್, ನೀವು ಹಾಕ್ತೀರಲ್ಲ" ಅನ್ನುತ್ತಿದ್ದರು. ನಾವು ಹಾಕುತ್ತಿದ್ದೆವು. ಗಂಡಸಾದರೆ "ಸಾಲಬಾಧೆ ತಾಳಲಾರದೆ", ಹೆಂಗಸಾದರೆ "ಹೊಟ್ಟೆನೋವು ತಾಳಲಾರದೆ", ಏನೂ ಗೊತ್ತಿಲ್ಲದಿದ್ದರೆ "ಜೀವನದಲ್ಲಿ ಜಿಗುಪ್ಸೆಗೊಂಡು". ಕೊನೆಗೆ "ಪ್ರಕರಣ ದಾಖಲಾಗಿದೆ". ಎರಡು ಸಾಲು. ಹೊಟ್ಟೆನೋವಿನಿಂದ ಬಾವಿಗೆ ಬಿದ್ದ ಎಷ್ಟು ಹೆಂಗಸರಿಗೆ ನಿಜಕ್ಕೂ ಹೊಟ್ಟೆನೋವಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಪುಟ ತಡವಾಗುತ್ತಿತ್ತು. ಆತ್ಮಹತ್ಯೆಯಂತೆ ಜೋಡಿಸಿಡುವ ಕೆಲಸದಲ್ಲಿ ಕೊಲೆಗಾರನದು ಕಾಲುಭಾಗ ಅಷ್ಟೆ. ಮಿಕ್ಕದ್ದು ಮೇಜಿನ ಮೇಲೆ ನಡೆಯುತ್ತದೆ, ಟೀ ಆರುವುದರೊಳಗೆ.

ನಿಮ್ಮ ಕಥೆಯಲ್ಲಿ ಪತ್ತೇದಾರರೇ ಇರಲಿಲ್ಲವೆಂದಲ್ಲ. ಸಿಬಿಐ ಬಂದ ಮೇಲೆ ಡಿವೈಎಸ್‌ಪಿ ವರ್ಗೀಸ್ ಪಿ. ಥಾಮಸ್ ಎಂಬವರು ಇದು ಕೊಲೆ ಎಂದರು. ಆತ್ಮಹತ್ಯೆ ಎಂದೇ ಬರೆಯಿರಿ ಎಂದು ಮೇಲಿನಿಂದ ಒತ್ತಡ ಬಂತಂತೆ. ಆ ಮನುಷ್ಯ ಇನ್ನೂ ಹಲವು ವರ್ಷದ ನೌಕರಿ ಇರುವಾಗಲೇ ಅದನ್ನು ಬಿಟ್ಟು ಮನೆಗೆ ನಡೆದರು, ಪತ್ರಕರ್ತರನ್ನು ಕರೆದು ಯಾಕೆ ಬಿಟ್ಟೆ ಎಂಬುದನ್ನೂ ಹೇಳಿದರು. ನೋಡಿ, ಪತ್ತೇದಾರ ಮತ್ತು ಪತ್ರಕರ್ತ ಕೊನೆಗೂ ಒಂದೇ ಕೋಣೆಯಲ್ಲಿ ಕೂತರು! ಒಂದೇ ವ್ಯತ್ಯಾಸ, ಕೂತಾಗ ಪತ್ತೇದಾರನ ಕೈಯಲ್ಲಿ ಕಡತವಿರಲಿಲ್ಲ.

ಕಡತ ಇದ್ದವರು 1996ರಲ್ಲಿ ಕೊಲೆಯೋ ಆತ್ಮಹತ್ಯೆಯೋ ಹೇಳಲಾಗದು ಎಂದರು. 1999ರಲ್ಲಿ ಕೊಲೆ ಹೌದು, ಕೊಂದವರು ಸಿಗಲಿಲ್ಲ, ಸಾಕ್ಷ್ಯವೆಲ್ಲ ನಾಶವಾಗಿದೆ ಎಂದರು. 2005ರಲ್ಲಿ ಇನ್ನೊಮ್ಮೆ ಮುಚ್ಚಲು ಅನುಮತಿ ಕೇಳಿದರು. ಮೂರು ಸಲವೂ ನ್ಯಾಯಾಲಯ ಆಗದು ಎಂದಿತು. ಅಭಯಾಳ ಬಟ್ಟೆ, ತಲೆವಸ್ತ್ರ, ಚಪ್ಪಲಿಗಳನ್ನು ಕ್ರೈಂ ಬ್ರಾಂಚಿನ ಕಾಲದಲ್ಲೇ ವಿಲೇವಾರಿ ಮಾಡಿಯಾಗಿತ್ತು. ಸರ್ಕಾರಿ ಕಚೇರಿಯಲ್ಲಿ ಅಷ್ಟು ಬೇಗ ವಿಲೇವಾರಿಯಾದ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಈ ಎಲ್ಲದರ ನಡುವೆ ನೀವು.

ಆ ರಾತ್ರಿ ನೀವು ಕಾನ್ವೆಂಟಿಗೆ ಹೋದದ್ದು ಸಿಡಿಲು ತಡೆಯಲು ಮೇಲೆ ಹಾಕಿದ್ದ ತಾಮ್ರಕ್ಕೆ. ಅದನ್ನು ನೀವು ಯಾವತ್ತೂ ಮುಚ್ಚಿಡಲಿಲ್ಲ, ಕೋರ್ಟಿನಲ್ಲೂ. ನಾನು ಕದಿಯಲು ಹೋಗಿದ್ದೆ, ಟಾರ್ಚು ಹಿಡಿದ ಇಬ್ಬರು ಗಂಡಸರನ್ನು ಕಂಡೆ, ಒಬ್ಬರು ಫಾದರ್ ಥಾಮಸ್ ಕೊಟ್ಟೂರ್, ಹೆದರಿ ಬಂದ ಕೆಲಸ ಬಿಟ್ಟು ಓಡಿದೆ. ಇಷ್ಟೇ ನಿಮ್ಮ ಹೇಳಿಕೆಯ ಸಾರ. ಸಾಕ್ಷಿ ಹೇಳಲು ಬರುವ ಗೌರವಸ್ಥರು ಸಾಮಾನ್ಯವಾಗಿ ವಾಯುವಿಹಾರಕ್ಕೆ ಹೋಗಿರುತ್ತಾರೆ. ನೀವು ತಾಮ್ರಕ್ಕೆ ಹೋಗಿದ್ದೆ ಎಂದಿರಿ, ನಿಮ್ಮ ಮಾತು ನಂಬುವಂತಾದದ್ದು ಅಲ್ಲೇ.

ಕ್ರೈಂ ಬ್ರಾಂಚಿನವರಿಗೂ ನೀವು ಸಿಕ್ಕಿದ್ದಿರಿ. ಆ ಕೊಲೆಯನ್ನು ನೀನೇ ಒಪ್ಪಿಕೋ ಎಂದು ಬಡಿದರು, ದುಡ್ಡು, ಮನೆ ಎಂದೆಲ್ಲ ಆಸೆ ತೋರಿಸಿದರು ಎಂದು ನೀವೇ ಹೇಳಿದಿರಿ. ಇಲ್ಲಿ ನಿಮ್ಮ ಗಮನಕ್ಕೆ ಬಾರದ ಒಂದು ತಮಾಷೆಯಿದೆ. ಕಾಗದದ ಮೇಲೆ ಆಗಿರುವುದು ಆತ್ಮಹತ್ಯೆ. ಆತ್ಮಹತ್ಯೆಗೆ ಕೊಲೆಗಾರ ಬೇಕಾಗಿದ್ದು ಯಾಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನಮ್ಮಲ್ಲಿದೆ. ಇಲ್ಲಿ ನಿಜವಾದ ಕಳ್ಳನೇ ಹೆಗಲು ಮುಟ್ಟಿಕೊಳ್ಳದೆ ನಿಂತಿದ್ದ, ಮಿಕ್ಕವರೆಲ್ಲ ಹೆಗಲು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಕೋಟಿಗಟ್ಟಲೆಯ ಆಮಿಷ ಬಂತು, ಮುಟ್ಟಲಿಲ್ಲ ಎಂದಿರಿ. ಅಡಿಕೆ ಕಳ್ಳನಿಗೆ ಆನೆಯನ್ನೇ ಕೊಡಹೊರಟರು, ಆತ ಹಗ್ಗ ಹಿಡಿಯಲಿಲ್ಲ. ವಿಚಾರಣೆ ಶುರುವಾಗಿದ್ದು 2019ರಲ್ಲಿ. ಅಷ್ಟರಲ್ಲಿ ಸಾಕ್ಷಿಗಳಲ್ಲಿ ಕೆಲವರು ಸತ್ತಿದ್ದರು. ಬದುಕಿದ್ದ ಹಲವರು, ವಿದ್ಯಾವಂತರು, ಮಾನವಂತರು, ಕಟಕಟೆ ಹತ್ತಿ ತಿರುಗಿಬಿದ್ದರು. ನಿಮಗೆ ಮಾತ್ರ ತಿರುಗಿಬೀಳುವ ವಿದ್ಯೆ ಒಲಿಯಲಿಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿನದೂ ಒಂದು ಅಳಿಲು ಸೇವೆ ಇದೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಫಾದರ್ ಕೊಟ್ಟೂರ್, ಅದೇ ಕಾನ್ವೆಂಟಿನ ಸಿಸ್ಟರ್ ಸೆಫಿ ಮುಂತಾದ ಶಂಕಿತರ ಬಾಯಿ ಬಿಡಿಸಲು 2007ರಲ್ಲಿ ಅವರನ್ನು ನಮ್ಮಲ್ಲಿಗೇ ಕರೆತಂದರು. ಆಗ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯ ಅಂದರೆ ದೇಶಕ್ಕೆಲ್ಲ ಸತ್ಯದ ಸಗಟು ಮಾರುಕಟ್ಟೆ. ಸೂಜಿ ಚುಚ್ಚಿದರೆ ಮಂಪರಿನಲ್ಲಿ ಸತ್ಯ ತಾನಾಗಿ ಉದುರುತ್ತದೆ ಎಂದು ಟಿವಿಯವರು ದಿನವಿಡೀ ತೋರಿಸುತ್ತಿದ್ದ ಕಾಲ. ಪರೀಕ್ಷೆಯೇನೋ ನಡೆಯಿತು. ಸಿಡಿಗಳನ್ನು ತಿದ್ದಲಾಗಿದೆ ಎಂದು ತಕರಾರು ಎದ್ದಿತು. ಪರೀಕ್ಷೆ ನಡೆಸಿದ ತಜ್ಞೆಯನ್ನು 2009ರಲ್ಲಿ, ನೌಕರಿಗೆ ಕೊಟ್ಟ ದಾಖಲೆಗಳೇ ಸುಳ್ಳೆಂದು ಸರ್ಕಾರ ಮನೆಗೆ ಕಳಿಸಿತು. ಮರುವರ್ಷ ಸುಪ್ರೀಂ ಕೋರ್ಟು, ಅದೂ ನಮ್ಮ ರಾಜ್ಯದ ಹೆಸರೇ ಅಂಟಿಕೊಂಡಿರುವ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಹೀಗೆ ಸೂಜಿ ಚುಚ್ಚುವುದೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಲಕ್ಷಾಂತರ ಖರ್ಚಿನ ಮದ್ದು, ಯಂತ್ರ, ಮನಶ್ಶಾಸ್ತ್ರ ಎಲ್ಲ ಸೇರಿ ಹೊರಗೆಳೆಯಲು ಹೆಣಗಿದ್ದನ್ನು ನೀವು ಒಂದು ಬೀಡಿಯ ಖರ್ಚೂ ಇಲ್ಲದೆ ಹೇಳಿಬಿಟ್ಟಿದ್ದಿರಿ. ಕೇಳುವವರಿಗೆ ಸೂಜಿ ಚುಚ್ಚಬೇಕಿತ್ತು.

ತಮಾಷೆ ಬದಿಗಿಟ್ಟು ಒಂದು ಮಾತು. ಸತ್ಯ ಹುಡುಕುವ ಭರದಲ್ಲಿ ಸಿಬಿಐ 2008ರಲ್ಲಿ ಸಿಸ್ಟರ್ ಸೆಫಿಗೆ ಕನ್ಯತ್ವ ಪರೀಕ್ಷೆ ಮಾಡಿಸಿತು. ಆರೋಪಿಯೇ ಇರಲಿ, ಯಾರಿಗೂ ಹಾಗೆ ಮಾಡಿಸುವುದು ಸಂವಿಧಾನಬಾಹಿರ ಎಂದು ದೆಹಲಿ ಹೈಕೋರ್ಟು 2023ರಲ್ಲಿ ಹೇಳಿತು. ಮೊದಲು ಕಣ್ಣು ಮುಚ್ಚಿಕೊಂಡವರು ಆಮೇಲೆ ನೋಡಬಾರದ ಕಡೆ ಕಣ್ಣು ಬಿಟ್ಟರು. ಎರಡೂ ಒಂದೇ ಕಚೇರಿಯ ಕೆಲಸ, ಇದನ್ನು ನಗುತ್ತ ಬರೆಯಲು ನನಗೆ ಬರುವುದಿಲ್ಲ.

2020ರ ಡಿಸೆಂಬರ್ 23ರಂದು ತಿರುವನಂತಪುರದ ಸಿಬಿಐ ವಿಶೇಷ ನ್ಯಾಯಾಲಯ ಫಾದರ್ ಕೊಟ್ಟೂರ್ ಮತ್ತು ಸಿಸ್ಟರ್ ಸೆಫಿಗೆ ಜೀವಾವಧಿ ವಿಧಿಸಿತು. ಕಾಣಬಾರದ್ದನ್ನು ಕಂಡಳೆಂದು ತಲೆಗೆ ಹೊಡೆದು ಬಾವಿಗೆ ಹಾಕಿದರು ಎಂದಿತು. ನಿಮ್ಮ ಮಾತನ್ನು ನಂಬಿತು. ತೀರ್ಪು ಬಂದಾಗ ಟಿವಿಯವರು ನಿಮ್ಮ ಮನೆಯ ಮುಂದೆ ಮೈಕು ಹಿಡಿದು ನಿಂತಾಗ ನೀವು ಸತ್ತ ಹುಡುಗಿಯನ್ನು ನನ್ನ ಮಗು ಎಂದೇ ಕರೆದಿರಿ. ಇಪ್ಪತ್ತೆಂಟು ವರ್ಷ ತಡವಾಗಿ ಪತ್ರಕರ್ತ ಸರಿಯಾದ ವಿಳಾಸಕ್ಕೆ ಬಂದಿದ್ದ.

ಕಥೆ ಅಲ್ಲಿಗೆ ಮುಗಿದಿದ್ದರೆ ಸಿನಿಮಾದವರಿಗೆ ಅನುಕೂಲವಾಗುತ್ತಿತ್ತು. 2022ರ ಜೂನ್ 23ರಂದು ಕೇರಳ ಹೈಕೋರ್ಟು ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಇಬ್ಬರಿಗೂ ಜಾಮೀನು ಕೊಟ್ಟಿತು. ಅವರು ನಿರಪರಾಧಿಗಳೆಂದು ವಾದಿಸುವ ಹಕ್ಕು ಅವರದು, ಅದನ್ನು ತೂಗುವ ತಕ್ಕಡಿ ನ್ಯಾಯಾಲಯದ್ದು. ಮೇಲ್ಮನವಿಯಲ್ಲಿ ನಿಮ್ಮ ಮಾತನ್ನು ಇನ್ನೊಮ್ಮೆ ಒರೆಗೆ ಹಚ್ಚದೆ ವಿಧಿಯಿಲ್ಲ. ಕಳ್ಳನ ಮಾತು ನಂಬಬಹುದೇ ಎಂದು ಯಾರಾದರೂ ಕಪ್ಪು ಕೋಟು ಸರಿಮಾಡಿಕೊಂಡು ಕೇಳಿಯೇ ಕೇಳುತ್ತಾರೆ.

ಕೇಳಲಿ. ಮಾನವಂತರ ಮಾತು ನಂಬಿ ಏನಾಯಿತು ಎಂಬ ಲೆಕ್ಕವೂ ಅದೇ ಕಡತದಲ್ಲಿದೆ.

ನನ್ನದೊಂದು ಕೋರಿಕೆ ಉಳಿದಿದೆ, ಅದು ನಿಮಗಲ್ಲ, ನಿಮ್ಮ ಮೂಲಕ ನನ್ನ ಕಸುಬಿನವರಿಗೆ. ಇವತ್ತು ರಾತ್ರಿ ಡೆಸ್ಕಿನಲ್ಲಿ ಕೂತು "ಜೀವನದಲ್ಲಿ ಜಿಗುಪ್ಸೆಗೊಂಡು" ಎಂದು ಕುಟ್ಟಲು ಹೊರಟಿರುವ ತಮ್ಮಂದಿರೇ, ತಂಗಿಯರೇ, ಠಾಣೆಗೆ ಇನ್ನೊಂದು ಫೋನು ಮಾಡಿ. ಚಪ್ಪಲಿ ಎಲ್ಲಿತ್ತು ಎಂದು ಕೇಳಿ. ಪುಟ ಹತ್ತು ನಿಮಿಷ ತಡವಾಗಲಿ.

ಇಂತಿ ನಿಮ್ಮ,
ಅಡಿಕೆ ಸೀಮೆಯ ಒಬ್ಬ ಹಳೆಯ ವರದಿಗಾರ

ತಾ.ಕ.: ಅಭಯಾಳ ತಂದೆ ತಾಯಿ ಇಬ್ಬರೂ 2016ರಲ್ಲೇ ತೀರಿಕೊಂಡರು. ತೀರ್ಪು ಬಂದ ದಿನ ಅವಳನ್ನು ನನ್ನ ಮಗು ಎನ್ನಲು ಉಳಿದಿದ್ದವರು ನೀವು.