ಉಯಿಲು, ಹುಯಿಲು

"ಏನ್ ಸ್ವಾಮಿ, ಹುಯಿಲು ಮಾಡುಸ್ತಾ ಇದೀರಂತೆ?" ಎಂದು ಹಾಲು ಹಾಕುವವನು ಬೆಳಗ್ಗೆಯೇ ಕೇಳಿದ. ಹಾಲಿಗೆ ಆಲು, ಆನೆಗೆ ಹಾನೆ ಅನ್ನುವ ಮನುಷ್ಯ. ತಿದ್ದಲು ಬಾಯಿ ತೆರೆದವನು ಹಾಗೇ ಸುಮ್ಮನಾದೆ. ಉಯಿಲು ಎನ್ನುವುದು ಇಂಗ್ಲಿಷಿನ ವಿಲ್ ನಮ್ಮ ನಾಲಗೆಯ ಮೇಲೆ ಹೊರಳಾಡಿ ಆದದ್ದು. ಹುಯಿಲು ಮಾತ್ರ ಅಪ್ಪಟ ನಮ್ಮದೇ. ಕೂಗಾಟ, ಗದ್ದಲ ಎಂದರ್ಥ. ಒಂದನ್ನು ಬರೆಯದೆ ಸತ್ತರೆ ಇನ್ನೊಂದು ಏಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆತನದಲ್ಲಿ ಬರೆದಿಟ್ಟು ಸತ್ತರೂ ಎದ್ದಿತ್ತು.

ಬರೆದಿಟ್ಟವರು ನಮ್ಮ ಚಿಕ್ಕತಾತ. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರು. ಕಾಗುಣಿತ ತಪ್ಪಿದರೆ ಲಗ್ನಪತ್ರಿಕೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದವರು. ಕನ್ನಡ ಬರುವವನಿಗೆ ವಕೀಲ ಯಾಕೆ ಎನ್ನುವುದು ಅವರ ವಾದ. ಗೆರೆ ಎಳೆದ ಫುಲ್‌ಸ್ಕೇಪ್ ಹಾಳೆಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದರು: "ಮುಂದಿನ ಮನೆ ದೊಡ್ಡವನಿಗೂ ಹಿಂದಿನ ಮನೆ ಚಿಕ್ಕವನಿಗೂ ಸೇರತಕ್ಕದ್ದು." ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ಇರದೆ ಹೋದದ್ದು ಚೆಕ್ಕುಬಂದಿ. ಅವರು ಬರೆದಿಟ್ಟು ಹತ್ತು ವರ್ಷವಾದ ಮೇಲೆ ಹಿತ್ತಿಲಿನಲ್ಲಿ, ಹಾಗಲಬಳ್ಳಿ ಹಬ್ಬಿದ್ದ ಕಡೆಗೆ ಅಗಲವಾದ ಟಾರು ರಸ್ತೆ ಬಂತು, ಬಸ್ಸು ಬಂತು, ಬಸ್‌ಸ್ಟಾಪೂ ಬಂತು. ಮುಂಬಾಗಿಲಿನ ಓಣಿಯಲ್ಲಿ ಆಮೇಲೆ ಓಡಾಡುತ್ತಿದ್ದುದು ನಾಯಿಗಳು ಮಾತ್ರ. ಹಾಗಾದರೆ ಮುಂದಿನ ಮನೆ ಯಾವುದು? ಬರೆದ ದಿನದ ಮುಂದೋ, ಸತ್ತ ದಿನದ ಮುಂದೋ? ದೊಡ್ಡವರಿಗೆ ಒಂದು ಮುಂದು, ಚಿಕ್ಕವರಿಗೆ ಇನ್ನೊಂದು. ಹನ್ನೊಂದು ವರ್ಷ ಕೋರ್ಟು ನಡೆಯಿತು. ಅಷ್ಟರಲ್ಲಿ ಎರಡೂ ಮನೆಯ ಜಂತೆ ಗೆದ್ದಲಿಗೆ ಸಮಪಾಲಾಗಿ ಸೇರಿತ್ತು.

ಸಾಕ್ಷಿಗಳದ್ದು ಇನ್ನೊಂದು ಕಥೆ. ಉಯಿಲಿಗೆ ಕಡಿಮೆ ಎಂದರೂ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ಕೋರ್ಟಿಗೆ ಬಂದು ಹೇಳಬೇಕು. ಚಿಕ್ಕತಾತ ಹಾಕಿಸಿದ್ದು ತಮ್ಮ ಓರಗೆಯ ಇಬ್ಬರು ಮೇಷ್ಟರ ಸಹಿ. ಇಬ್ಬರೂ ಅವರಿಗಿಂತ ಮುಂಚೆಯೇ ಹೊರಟುಬಿಟ್ಟಿದ್ದರು. ಇನ್ನು ಉಳಿದದ್ದು ಆ ಅಕ್ಷರ ಗುರುತಿಸುವವರನ್ನು ಹುಡುಕುವ ಕೆಲಸ. ಕೊನೆಗೆ ಹಳೇ ವಿದ್ಯಾರ್ಥಿಯೊಬ್ಬರು ಕಟಕಟೆಗೆ ಬಂದು, ಈ ಸಹಿ ಲೆಕ್ಕದ ಮೇಷ್ಟರದ್ದೇ, ನಾಲ್ಕು ವರ್ಷ ನನ್ನ ಪುಸ್ತಕದಲ್ಲಿ ಸೊನ್ನೆಯ ಕೆಳಗೆ ನೋಡಿದ್ದೇನೆ ಎಂದರಂತೆ.

ಚಿಕ್ಕತಾತನನ್ನು ಆಡಿಕೊಂಡು ಫಲವಿಲ್ಲ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ಗೂ ವಕೀಲರನ್ನು ಕಂಡರೆ ಆಗುತ್ತಿರಲಿಲ್ಲ. 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಸಹಿ ಹಾಕಿದ ಉಯಿಲನ್ನು ತಾವೇ ಬರೆದರು. ಆಸ್ತಿಯ ಬಹುಪಾಲು ಹೋಗಬೇಕಾಗಿದ್ದ ನಿಧಿಯನ್ನು ನೋಡಿಕೊಳ್ಳುವ ಸಂಸ್ಥೆ ಇನ್ನೂ ಹುಟ್ಟಿರಲೇ ಇಲ್ಲ. ಬಹುಮಾನ ಕೊಡಬೇಕಾದವರನ್ನು ಒಂದು ಮಾತು ಕೇಳಿರಲೂ ಇಲ್ಲ. ನೆಂಟರು ತಕರಾರೆತ್ತಿದರು. ಉಯಿಲು ಜಾರಿ ಮಾಡಬೇಕಾಗಿದ್ದ ಸೋಲ್ಮನ್ ಎಂಬ ಹುಡುಗ, ಇನ್ನೂ ಮೂವತ್ತು ದಾಟದವನು, ಷೇರುಪತ್ರಗಳನ್ನು ಕುದುರೆಗಾಡಿಯಲ್ಲಿ ಹೇರಿಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು ಪ್ಯಾರಿಸ್ಸಿನ ಬೀದಿಗಳಲ್ಲಿ ಓಡಾಡಬೇಕಾಯಿತು. ಮೊದಲ ಬಹುಮಾನ ಕೊಟ್ಟದ್ದು 1901ರಲ್ಲಿ. ಅವರ ಉಯಿಲಿನಲ್ಲಿ ಶಾಂತಿಗೂ ಒಂದು ಬಹುಮಾನವಿತ್ತು ಎನ್ನುವುದನ್ನು ನೆನೆದರೆ ನನಗೆ ನಗು ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮೊದಲು ಹೋದದ್ದು ಸ್ಟೇಷನರಿ ಅಂಗಡಿಗೆ. ಅಲ್ಲಿ ಸಿದ್ಧ ನಮೂನೆ ಸಿಗುತ್ತದೆ, ಹೆಸರು ತುಂಬಿದರೆ ಮುಗಿಯಿತು. ಜೊತೆಗೆ ಗತ್ತಿಗಿರಲಿ ಎಂದು ಒಂದು ಛಾಪಾ ಕಾಗದವನ್ನೂ ತಂದಿಟ್ಟುಕೊಂಡೆ. ನಮೂನೆಯಲ್ಲಿ ನಾನು ನನ್ನ ಮನೆಯನ್ನು "ನಿಧಿ, ನಿಕ್ಷೇಪ, ಜಲ, ಪಾಷಾಣ" ಸಮೇತ ಕೊಡುತ್ತಿದ್ದೆ. ವಿಜಯನಗರದ ಅರಸರು ಊರು ದತ್ತಿ ಬಿಡುವಾಗ ಕಲ್ಲಿನಲ್ಲಿ ಕೊರೆಸುತ್ತಿದ್ದ ಮಾತು. ಮೂವತ್ತು ನಲವತ್ತರ ಸೈಟಿಗೆ ಸ್ವಲ್ಪ ದೊಗಳೆಯೇ. ಜಲದ ವಿಚಾರಕ್ಕೆ ಬಂದರೆ ಬೋರು ಬತ್ತಿ ಆರು ವರ್ಷವಾಗಿದೆ. ಮುಂದಿನ ಸಾಲಿನಲ್ಲಿ "ದೃಢಕಾಯನಾಗಿಯೂ ಸ್ವಸ್ಥಚಿತ್ತನಾಗಿಯೂ" ಎಂದಿತ್ತು. ಗಟ್ಟಿಯಾಗಿ ಓದಬಾರದಿತ್ತು. ಒಳಗಿನಿಂದ ನನ್ನಾಕೆ, "ಮಂಡಿಗೆ ಎಣ್ಣೆ ಹಚ್ಚಿ ಅಂತ ರಾತ್ರಿಯೆಲ್ಲ ನರಳಿದ್ದು ಯಾರು? ಇನ್ನು ಚಿತ್ತದ ಮಾತು ಬೇಡ ಬಿಡಿ" ಎಂದಳು.

ಹೀಗಾಗಿ ಇಬ್ಬರೂ ವಕೀಲರ ಮನೆಗೆ ಹೋದೆವು. ಹೆಣ್ಣುಮಗಳು, ನಮ್ಮ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಛಾಪಾ ಕಾಗದ ನೋಡಿ, "ಉಯಿಲಿಗೆ ಇದು ಬೇಕಿಲ್ಲ ಸರ್, ಬಿಳಿ ಹಾಳೆ ಸಾಕು. ರಿಜಿಸ್ಟ್ರೇಷನ್ನೂ ಕಡ್ಡಾಯ ಅಲ್ಲ, ಆದರೆ ಮಾಡಿಸೋಣ" ಎಂದಳು. ಆಮೇಲೆ ಕೇಳತೊಡಗಿದಳು.

"ಮನೆ ಸ್ವಯಾರ್ಜಿತವೋ, ಪಿತ್ರಾರ್ಜಿತವೋ?"

"ಸ್ವಯಾರ್ಜಿತ. ಸಾಲ ಮಾತ್ರ ಬ್ಯಾಂಕಿನದ್ದು."

"ನಿಮ್ಮ ನಂತರ ಅಮ್ಮನಿಗೆ ಅಂತೀರಿ. ಪೂರ್ತಿ ಹಕ್ಕೋ, ಇರೋ ತನಕ ಅನುಭವಿಸೋ ಹಕ್ಕು ಮಾತ್ರವೋ? ಅವರು ಮಾರಬಹುದಾ?"

ನಾನು ನನ್ನಾಕೆಯ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡುತ್ತಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಷ್ಟು ನೇರವಾದ ಪ್ರಶ್ನೆ ನಮ್ಮ ನಡುವೆ ಎದ್ದಿರಲಿಲ್ಲ. "ಪೂರ್ತಿ" ಎಂದೆ.

"ಅವರೇ ನಿಮಗಿಂತ ಮೊದಲು ಹೋದರೆ?"

"ಬಿಡ್ತು ಅನ್ನಿ" ಎಂದೆ.

"ಬಿಡ್ತು ಸರ್. ಹೋದರೆ?"

ವಕೀಲರಿಗೆ ಕೊಡುವ ಫೀಸು ಈ ಎರಡನೆಯ 'ಹೋದರೆ'ಗೆ ಎಂದು ನನಗೆ ಆಗ ಗೊತ್ತಾಯಿತು. ಭಾಷೆ ನಮಗೂ ಬರುತ್ತದೆ. ಅಮಂಗಳವನ್ನು ಎರಡು ಸಲ ಕೇಳುವ ಎದೆ ಬರುವುದಿಲ್ಲ.

ಎಫ್.ಡಿ.ಗೆಲ್ಲ ಮಗನನ್ನು ನಾಮಿನಿ ಮಾಡಿದ್ದೇನೆ, ಅದರ ಚಿಂತೆ ಇಲ್ಲ ಎಂದೆ. ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವ ಕೈ ನಾಮಿನಿಯದು, ಅಷ್ಟಕ್ಕೇ ಅವನು ಒಡೆಯನಾಗುವುದಿಲ್ಲ ಎಂದಳು. "ನಿಮ್ಮ ತಾಯಿ ಇದ್ದಾರಾ?" ಎಂದು ಕೇಳಿದಳು. ಇಲ್ಲ ಎಂದೆ. ಇದ್ದಿದ್ದರೆ, ನಾನು ಏನೂ ಬರೆಯದೆ ಹೋಗಿದ್ದರೆ, ಹೆಂಡತಿ ಮಕ್ಕಳ ಜೊತೆಗೆ ಅಮ್ಮನಿಗೂ ಒಂದು ಪಾಲು ಬರುತ್ತಿತ್ತಂತೆ. ನಾವು ಬರೆಯದಿದ್ದರೆ ನಮ್ಮ ಉಯಿಲನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರೆದುಕೊಡುತ್ತದೆ; ನಮ್ಮ ಮನೆಯ ಊಟ ತಿನ್ನದವರು ಬಡಿಸಿದ ಹಾಗೆ, ಎಲ್ಲರ ಎಲೆಗೂ ಅಳೆದು ಒಂದೊಂದು ಸೌಟು.

"ಸಾಕ್ಷಿಗೆ ನಿಮಗಿಂತ ಚಿಕ್ಕವರನ್ನ ಕರ್ಕೊಂಡು ಬನ್ನಿ. ವಾಕಿಂಗ್ ಸ್ನೇಹಿತರು ಬೇಡ" ಎಂದಳು. ಚಿಕ್ಕತಾತನ ಕಥೆ ನಾನು ಇನ್ನೂ ಹೇಳಿರಲಿಲ್ಲ. "ಮಗನನ್ನೂ ಆವತ್ತು ಕರ್ಕೊಂಡು ಬರಬೇಡಿ." ಮಗನೇ ಕಾರಿನಲ್ಲಿ ಬಿಡುತ್ತಾನಲ್ಲ ಎಂದದ್ದಕ್ಕೆ, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಕೇಸಿನ ಹೆಸರು ಹೇಳಿದಳು, ನಮ್ಮ ಮೈಸೂರು ಸೀಮೆಯದೇ ಎಂದು ಕೊಂಚ ಹೆಮ್ಮೆಯಿಂದಲೇ. ಲಕ್ಷ್ಮಮ್ಮ ಎಂಬ ವಿಧವೆಯ ಉಯಿಲು ಸುಪ್ರೀಂ ಕೋರ್ಟಿನ ತನಕ ಹೋಗಿ ಅಲ್ಲೂ ನಿಲ್ಲಲಿಲ್ಲ. ಉಯಿಲು ಬರೆಸಲು ಮುಂದೆ ನಿಂತು ಓಡಾಡಿದವರಿಗೇ ಅದರಿಂದ ಲಾಭವಿದ್ದರೆ, ಅನುಮಾನ ಕಳೆಯುವ ಭಾರವೂ ಅವರ ಮೇಲೇ ಎಂದು 1959ರ ವರದಿಗಳಲ್ಲಿ ಅಚ್ಚಾದ ಆ ತೀರ್ಪನ್ನು ದೇಶದ ಕೋರ್ಟುಗಳು ಇವತ್ತಿಗೂ ಎತ್ತಿ ಹೇಳುತ್ತವಂತೆ. ಆಟೋದಲ್ಲಿ ಹೋಗುವುದು ಎಂದಾಯಿತು.

"ಚರ ಸ್ವತ್ತು ಏನಾದರೂ?"

ನನ್ನಾಕೆಯ ಒಡವೆ ನನ್ನದಲ್ಲ, ಅದನ್ನು ಬರೆಯುವ ಹಕ್ಕು ನನಗಿಲ್ಲ ಎಂದು ಅವಳೇ ಮೊದಲು ಹೇಳಿ ಮುಗಿಸಿದಳು. ಪುಸ್ತಕದ ಬೀರುಗಳನ್ನು ಯಾರೂ ಕೇಳಲಿಲ್ಲ. ನನಗೆ ನೆನಪಾದದ್ದು ಅಮ್ಮನ ಹಿತ್ತಾಳೆ ಕೊಳದಪ್ಪಲೆ. ಮದುವೆ ಮನೆಗಳಲ್ಲಿ ನೂರು ಜನಕ್ಕೆ ಅನ್ನ ಬೆಂದದ್ದು, ಕಂಠದಲ್ಲಿ ಅಜ್ಜಿಯ ಹೆಸರಿನ ಅಕ್ಷರ ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಅಮ್ಮ ಅದನ್ನು ಮೂವರು ಸೊಸೆಯರಿಗೂ ಬೇರೆ ಬೇರೆ ಹಬ್ಬಗಳಲ್ಲಿ, ಗುಟ್ಟಾಗಿ, "ಇದು ನಿನಗೇ ಕಣೇ" ಎಂದು ಕೊಟ್ಟಿದ್ದಳು. ಬಾಯಿಮಾತಿನ ಉಯಿಲು ನಡೆಯುವುದು ಯುದ್ಧದಲ್ಲಿರುವ ಸೈನಿಕರಂಥವರಿಗೆ ಮಾತ್ರವಂತೆ. ಅಡುಗೆಮನೆಯ ಯುದ್ಧ ಕಾಯ್ದೆಯ ಲೆಕ್ಕಕ್ಕಿಲ್ಲ.

"ಕೊಳದಪ್ಪಲೆ ಒಂದಿದೆ. ಅದು ಮಗಳಿಗೆ ಅಂತ ಬರೀರಿ" ಎಂದೆ. ವಕೀಲರು ಬರೆದುಕೊಂಡರು. ತೂಕ, ಗುರುತು ಕೇಳಿದರು. ಕಂಠದ ಅಕ್ಷರದ ಗುರುತು ಹೇಳಿದೆ. ಅದನ್ನೂ ಬರೆದುಕೊಂಡರು.

"ಈಗ ಅದು ಎಲ್ಲಿದೆ ಸರ್?"

"ನಮ್ಮ ಅಟ್ಟದ ಮೇಲೆ."

ನನ್ನಾಕೆ ಕ್ಯಾಲೆಂಡರಿನಿಂದ ಕಣ್ಣು ತೆಗೆದಳು. "ತುಮಕೂರಿನ ಭಾವನವರ ಮನೇಲಿದೆ. ನಾಮಕರಣಕ್ಕೆ ಅಂತ ತಗೊಂಡು ಹೋಗಿದ್ದು. ಆ ಮಗು ಈಗ ಬಿ.ಇ. ಓದ್ತಾ ಇದೆ."

ವಕೀಲರು ಪೆನ್ನಿನ ಮುಚ್ಚಳ ತೆಗೆದು, ಆ ನಾಲ್ಕು ಸಾಲಿನ ಮೇಲೆ ನೀಟಾಗಿ ಗೆರೆ ಎಳೆದು, "ಮುಂದೆ?" ಎಂದರು.