ಒಂದಕ್ಕೆ ಹೋದನೇನೇ?

ಮನೆಗೆ ಬೆಕ್ಕು ಬರಕೂಡದೆಂದು ಹಟ ಹಿಡಿದವರೇ ಕೊನೆಗೆ ಬೆಕ್ಕಿನ ಯಜಮಾನರಾಗುತ್ತಾರೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ: ಬ್ಯಾಂಕಿನಿಂದ ನಿವೃತ್ತರು, ಸೊಪ್ಪಿನವಳ ಬಳಿ ಎರಡು ರೂಪಾಯಿಗಾಗಿ ಐದು ನಿಮಿಷ ಚೌಕಾಸಿ ಮಾಡುವವರು. ಮಗಳು ಮಳೆಯಲ್ಲಿ ನೆನೆದ ಮರಿಯನ್ನು ತಂದ ದಿನ 'ನಾಳೆ ಬೆಳಗ್ಗೆ ಇದು ಇಲ್ಲಿರಕೂಡದು' ಎಂದು ಗುಡುಗಿದ್ದರು. ಮಗಳು ಕೆಲಸ ಹಿಡಿದು ಪುಣೆಗೆ ಹೋದಳು, ಬೆಕ್ಕು ಉಳಿಯಿತು. ಇವರ ಚೌಕಾಸಿ ನೋಡಿದವರು ಜಿಪುಣ ಎನ್ನುತ್ತಾರೆ, ಬೆಕ್ಕಿನ ಆಸ್ಪತ್ರೆ ಬಿಲ್ಲು ನೋಡಿದವರು ಹುಚ್ಚ ಎನ್ನುತ್ತಾರೆ. ಇಬ್ಬರೂ ಇವರನ್ನು ಸರಿಯಾಗಿ ಓದಿಲ್ಲ. ಕೆಲವರಿಗೆ ಪ್ರೀತಿಯನ್ನು ಲೆಕ್ಕದ ಭಾಷೆಯಲ್ಲಲ್ಲದೆ ಆಡಲು ಬಾರದು; ಇವರ ಗೊಣಗಾಟವೂ ಆ ಭಾಷೆಯೇ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಬೆಕ್ಕಿನ ರೋಗದ್ದೇ. ಗಂಡುಬೆಕ್ಕು ಲಿಟರ್ ಟ್ರೇಗೆ ಹತ್ತು ಸಲ ಹೋಗಿ, ಕೂತು, ಮುಕ್ಕಿ, ನರಳಿ ಬರಿದೇ ಎದ್ದು ಬಂದಾಗ ನಮ್ಮ ಮನೆಗಳಲ್ಲಿ ಹೊರಡುವ ಮೊದಲ ತೀರ್ಪು ಮಲಬದ್ಧತೆ. ಎರಡನೆಯದು, ಎಲ್ಲ ಕಾಯಿಲೆಗೂ ಹೊಂದುವ 'ಉಷ್ಣ'. ಬಾರ್ಲಿ ನೀರು, ಬಾಳೆದಿಂಡು, ಎಳನೀರು ಸಾಲಾಗಿ ಸಿದ್ಧವಾಗುತ್ತವೆ. ಆದರೆ ಗಂಡುಬೆಕ್ಕಿನ ಮೂತ್ರನಾಳ ಬಲು ಕಿರಿದು. ಹರಳು, ಲೋಳೆ ಸೇರಿ ಅದು ಪೂರಾ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಎಳನೀರಿನಲ್ಲಿ ಹೇರಳವಾಗಿರುವುದೂ ಪೊಟ್ಯಾಸಿಯಮ್ಮೇ! ಹೀಗಾಗಿ ನೂರು ರೂಪಾಯಿಯೊಳಗೆ ಮುಗಿಯುವ ಮನೆಮದ್ದೇ ಇಲ್ಲಿ ಎಲ್ಲಕ್ಕಿಂತ ದುಬಾರಿ. ಅಸಲಿ ಚಿಕಿತ್ಸೆಗೆ ಬೆಕ್ಕಿಗೆ ಮತ್ತು ಬರಿಸಿ ಕ್ಯಾತಿಟರ್ ಹಾಕಬೇಕು, ಡ್ರಿಪ್ ಕೊಡಬೇಕು, ರಕ್ತ ಪರೀಕ್ಷೆಯಾಗಬೇಕು, ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಬೇಕು. ಬಿಲ್ಲು ಸಾವಿರಗಳಲ್ಲಿ ಶುರುವಾಗಿ ಎಲ್ಲಿ ನಿಲ್ಲುವುದೋ ಬೆಕ್ಕೇ ಬಲ್ಲದು.

ಈ ಬಿಲ್ಲಿನ ಮುಂದೆ ಯಜಮಾನರ ನಡವಳಿಕೆ ಎರಡನೆಯ ಸಾಕ್ಷಿ. ಪಂಜರದ ಬಾಡಿಗೆಗೆ ತಕರಾರು ತೆಗೆಯುತ್ತಾರೆ, ಕೈಗವಸಿಗೂ ಬೇರೆ ದುಡ್ಡೇಕೆ ಎಂದು ಕೇಳುತ್ತಾರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತೆಂದು ಅಲ್ಲೇ ಲೆಕ್ಕ ಹಾಕುತ್ತಾರೆ. ನಾಳ ಕಟ್ಟುವುದು ಭಾನುವಾರ ರಾತ್ರಿ ಹನ್ನೊಂದಕ್ಕೆ ಎಂಬುದು ಬೇರೆ ಮಾತು. ಇಷ್ಟೆಲ್ಲ ಕೇಳುವವರು 'ಚಿಕಿತ್ಸೆ ಬೇಡವೆಂದರೆ?' ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಮನೆಗೆ ಬಂದ ಮೇಲೆ ಹಳೆಯ ಲೆಡ್ಜರು ಹೊಸ ಜನ್ಮ ತಾಳುತ್ತದೆ. ಟ್ರೇಯಲ್ಲಿ ಒದ್ದೆ ಮರಳು ಕಟ್ಟಿದ ಉಂಡೆ ನಿಂಬೆಹಣ್ಣಿನಷ್ಟಿದ್ದರೆ ಜಮಾ, ಅಡಿಕೆಯಷ್ಟಿದ್ದರೆ ಆತಂಕ, ಉಂಡೆಯೇ ಇಲ್ಲದಿದ್ದರೆ ಆಟೋ. ಬೆಕ್ಕಿನ ಪೂರ್ವಜರು ಮರುಭೂಮಿ ಸೀಮೆಯ ಕಾಡುಬೆಕ್ಕುಗಳು, ಅದಕ್ಕೆ ಬಾಯಾರಿಕೆಯೇ ಕಡಿಮೆ ಎಂದು ತಿಳಿದಂದಿನಿಂದ ಮನೆಯ ಮೂರು ಮೂಲೆಯಲ್ಲಿ ನೀರಿನ ಬಟ್ಟಲು. ಒಣ ಕಾಳಿನ ಜಾಗಕ್ಕೆ ದುಬಾರಿ ಒದ್ದೆ ಆಹಾರ. ಎಷ್ಟೋ ಬೆಕ್ಕುಗಳಲ್ಲಿ ಮೂತ್ರಕೋಶದ ಉರಿಯೂತಕ್ಕೆ ಕಲ್ಲೂ ಕಾರಣವಲ್ಲ, ಸೋಂಕೂ ಅಲ್ಲ. ಮನಸ್ಸಿನ ಒತ್ತಡಕ್ಕೂ ಅದಕ್ಕೂ ನಂಟಿದೆ ಎಂದು ವೈದ್ಯರು ಹೇಳಿದ ಮೇಲೆ ಟಿವಿ ಚರ್ಚೆಗೆ ಎದುರು ಕೂಗುವುದನ್ನೂ ಬಿಟ್ಟಿದ್ದಾರೆ. ಮೂವತ್ತೈದು ವರ್ಷ ಬೇಡಿದರೂ ಹೆಂಡತಿಗೆ ಸಿಗದ ಶಾಂತಿ ಬೆಕ್ಕಿನ ಚೀಟಿಯಲ್ಲಿ ಸಿಕ್ಕಿತು. ರಾತ್ರಿ ನಾಲ್ಕು ಸಲ ಎಬ್ಬಿಸುವ ತಮ್ಮ ಪ್ರಾಸ್ಟೇಟಿನ ತಪಾಸಣೆಯನ್ನು ಮಾತ್ರ ಇವರು ಈಗಲೂ ಮುಂದೂಡುತ್ತಲೇ ಇದ್ದಾರೆ. ಏಳುವುದು ಹೇಗೂ ಟ್ರೇ ನೋಡಲು ಅನುಕೂಲ.

'ಬಿಟ್ಟಿ ಬಂದ ಬೆಕ್ಕಿಗೆ ಇಷ್ಟೇಕೆ?' ಎನ್ನುವವರಿಗೆ ಕೌಪೀನದ ಕಥೆ ನೆನಪಿರಲಿ. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು ಬಂತು, ಬೆಕ್ಕಿನ ಹಾಲಿಗೆ ಹಸು, ಹಸುವಿನ ಮೇವಿಗೆ ಹೊಲ, ಕೊನೆಗೆ ಸಂಸಾರವೇ ಬಂತು. ಬಿಟ್ಟಿ ಬೆಕ್ಕೆಂಬುದು ಆ ಕಾಲದಲ್ಲೂ ಇರಲಿಲ್ಲ. 'ಮನುಷ್ಯರಿಗೇ ಔಷಧಿಗೆ ಗತಿಯಿಲ್ಲ' ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ತಿಂಗಳ ಸಂಬಳವನ್ನೇ ನುಂಗುವ ಬಿಲ್ಲಿನ ಮುಂದೆ ಕೈಚೆಲ್ಲಿದವರನ್ನು ಪ್ರೀತಿಯಿಲ್ಲದವರೆಂದು ದೂರಲಾಗದು. ಆದರೆ ನಮ್ಮ ಯಜಮಾನರ ಮಟ್ಟಿಗೆ ಈ ಹಣ ಬೆಕ್ಕಿಗೆ ಹೋಗದಿದ್ದರೆ ಬಡವರಿಗೆ ಹೋಗುತ್ತಿತ್ತೆಂದು ನಂಬುವುದು ಕಷ್ಟ. ಹೋಗುತ್ತಿದ್ದುದು ಫಿಕ್ಸೆಡ್ ಡಿಪಾಸಿಟ್ಟಿಗೆ. ಇನ್ನು 'ಇದೆಲ್ಲ ದೊಡ್ಡಸ್ತಿಕೆ' ಎಂಬ ಮಾತು. ದೊಡ್ಡಸ್ತಿಕೆಯವರು ಪರ್ಷಿಯನ್ ಬೆಕ್ಕು ತಂದು ಬಂದವರಿಗೆಲ್ಲ ತೋರಿಸುತ್ತಾರೆ. ಇವರದು ಬೀದಿಯ ಬೂದು ಬೆಕ್ಕು. ಬಿಲ್ಲನ್ನು ಷಡ್ಡಕನ ಕಣ್ಣಿಗೆ ಬೀಳದಂತೆ ಪಂಚಾಂಗದೊಳಗೆ ಮಡಚಿಡುತ್ತಾರೆ.

ಭಾನುವಾರ ಪುಣೆಯಿಂದ ಮಗಳ ಫೋನು ಬಂದಾಗ ಈ ವಾದದ ಕಡೆಯ ಸಾಕ್ಷಿ ಕೇಳಸಿಗುತ್ತದೆ. 'ನಿನ್ನ ಬೆಕ್ಕು ನನ್ನ ಪಿಂಚಣಿ ತಿಂದುಹಾಕಿತಮ್ಮಾ' ಎಂದು ಆರಂಭವಾದ ದೂರು ಕ್ಯಾತಿಟರಿನ ದರಕ್ಕೆ ಬರುವಷ್ಟರಲ್ಲಿ ತಟ್ಟನೆ ನಿಲ್ಲುತ್ತದೆ. ಫೋನಿಗೆ ಅಂಗೈ ಮುಚ್ಚಿ ಒಳಮನೆಯತ್ತ ಪಿಸುದನಿಯಲ್ಲಿ ಕೇಳುತ್ತಾರೆ: 'ಲೇ, ಒಂದಕ್ಕೆ ಹೋದನೇನೇ?' ಒಳಗಿನಿಂದ 'ನಿಂಬೆಹಣ್ಣು!' ಎಂದು ಉತ್ತರ ಬರುತ್ತದೆ. ಅಂಗೈ ಸರಿಯುತ್ತದೆ, ದೂರು ನಿಂತಲ್ಲಿಂದಲೇ, ಮೊದಲಿಗಿಂತ ದೊಡ್ಡ ದನಿಯಲ್ಲಿ, ಮುಂದುವರಿಯುತ್ತದೆ.